ರಾಜಕುಮಾರಿ ಮತ್ತು ಗುರೆಳ್ಳು ಚಟ್ನಿ

ವಿಶಾಲನ ಬ್ಲಾಗಿಗೆ ಸಂಜೆ ಐದರೊಳಗೆ ನೂರು ಓದುಗರು ಬೇಕಾಗಿತ್ತು. ಬೆಳಗಿನವರೆಗೆ ಆಗಿದ್ದವರು ಮೂವತ್ತೊಂಬತ್ತು. ಅದರಲ್ಲೂ ಹನ್ನೆರಡು ಸಲ ಅವನೇ ಬೇರೆಬೇರೆಯವರ ಫೋನು ಇಸಿದುಕೊಂಡು ಓದಿದ್ದ.

ಗದಗಿನ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವ ಹೊನ್ನೇಶ ಸರ್ ಕಟ್ಟುನಿಟ್ಟಿನ ಮನುಷ್ಯ. ಕೊನೆಯ ವರ್ಷದವರೆಲ್ಲ ಒಂದೊಂದು ಬ್ಲಾಗ್ ಬರೆಯಬೇಕು, ಬರಹ ಸ್ವಂತದ್ದಾಗಿರಬೇಕು, ಪುಟದ ಕೆಳಗೆ ನೂರು ಓದುಗರ ಸಂಖ್ಯೆ ಕಾಣಬೇಕು. ಇಲ್ಲದಿದ್ದರೆ ಇಂಟರ್ನಲ್ ಪರೀಕ್ಷೆಯ ಇಪ್ಪತ್ತು ಅಂಕ ಸೊನ್ನೆ. ಪರೀಕ್ಷೆ ಎಂದರೆ ಎದ್ದುಬಿದ್ದು ಪಾಸಾಗುವ ವಿಶಾಲನಿಗೆ ಆ ಇಪ್ಪತ್ತು ಇಲ್ಲದೆ ಪದವಿಯೇ ಇರಲಿಲ್ಲ.

ಅವನು ಆರಿಸಿಕೊಂಡ ವಿಷಯ ಜಾಹೀರಾತಿನೊಳಗಿನ ಅಡಗೂಲಜ್ಜಿ ಕತೆಗಳು. ಹಳೇ ಕತೆಯ ರಾಜಕುಮಾರ ಏಳು ಸಮುದ್ರ ದಾಟಬೇಕಿತ್ತು, ಜಾಹೀರಾತಿನವನು ತಲೆಗೆ ಎಣ್ಣೆ ಹಚ್ಚಿಕೊಂಡರೆ ಸಾಕು ಎಂದು ಬರೆದಿದ್ದ. ಹಳೇ ಕತೆಯಲ್ಲಿ ಬಡಹುಡುಗಿಗೆ ವರ ಕೊಡಲು ದೇವತೆ ಬರುತ್ತಿದ್ದಳು, ಈಗ ಸಾಬೂನು ಬರುತ್ತದೆ ಎಂದೂ ಬರೆದಿದ್ದ. ಇಂಥ ಕತೆಯನ್ನು ಯಾವ ಸಾಮಾನಿಗೆ ಬೇಕಾದರೂ ಅಂಟಿಸಬಹುದು ಎಂದು ತೋರಿಸಲು ಒಂದು ಉದಾಹರಣೆಯನ್ನೂ ಹೊಸೆದಿದ್ದ. ಏಳು ವರ್ಷ ಅನ್ನ ಮುಟ್ಟದ, ನಗದ ಒಬ್ಬ ರಾಜಕುಮಾರಿ. ವೈದ್ಯರೆಲ್ಲ ಸೋತರು. ಕೊನೆಗೆ ಮುಳಗುಂದದ ಹನಮಂತವ್ವನ ಗುರೆಳ್ಳು ಚಟ್ನಿ ತಂದು ಬಿಸಿ ರೊಟ್ಟಿಯ ಮೇಲೆ ಹಾಕಿ ಎಣ್ಣೆ ಬಿಟ್ಟರು. ರಾಜಕುಮಾರಿ ಮೂರು ರೊಟ್ಟಿ ತಿಂದು ನಕ್ಕಳು.

ಅದರ ಕೆಳಗೇ ಸತ್ಯವನ್ನೂ ಬರೆದಿದ್ದ: "ಹನಮಂತವ್ವ ನನ್ನ ದೊಡ್ಡವ್ವ. ಅವಳ ಚಟ್ನಿ ತಿಂದವರು ನಗುವುದಿಲ್ಲ, ಅಳುತ್ತಾರೆ. ರಾಜಕುಮಾರಿ ತಿಂದಿದ್ದರೆ ಇನ್ನೂ ಏಳು ವರ್ಷ ಬರೀ ನೀರು ಕುಡಿಯುತ್ತಿದ್ದಳು." ವಿಶಾಲ ಕಾಲೇಜಿಗಾಗಿ ಇದ್ದದ್ದು ಆ ದೊಡ್ಡವ್ವನ ಮನೆಯಲ್ಲೇ, ಉಣ್ಣುತ್ತಿದ್ದದ್ದು ಅವಳ ಕೈಯಡುಗೆಯನ್ನೇ. ಸುಮ್ಮನಿರದೆ ರಾತ್ರಿ ಬ್ಲಾಗಿನ ಲಿಂಕನ್ನು ಅವಳ ಫೋನಿಗೂ ಕಳಿಸಿದ್ದ. ಒತ್ತಿದರೆ ಒಬ್ಬ ಓದುಗ ಹೆಚ್ಚು, ದೊಡ್ಡವ್ವ ಇಷ್ಟುದ್ದ ಎಲ್ಲಿ ಓದುತ್ತಾಳೆ ಎಂಬ ಧೈರ್ಯ.

ಬೆಳಿಗ್ಗೆ ಎಂಟಕ್ಕೆ ಪಕ್ಕದ ಮನೆಯ ದಿಲಶಾದಬಿ ಫೋನು ಹಿಡಿದುಕೊಂಡೇ ಒಳಗೆ ಬಂದಳು.

"ಅಕ್ಕಾ, ನಿನ್ನ ಹೆಸರು ನಮ್ಮ ತವರುಮನಿ ಗ್ರೂಪಿನಾಗೂ ಬಂದೈತಿ ನೋಡು. ರಾಜಕುಮಾರಿ ನಿನ್ನ ಚಟ್ನಿ ತಿಂದು ನಕ್ಕಳಂತ."

ವಿಶಾಲ ಇಣುಕಿ ನೋಡಿದ. ಯಾರೋ ಅವನ ಬರಹದಿಂದ ಬರೀ ಕತೆಯನ್ನು ಕತ್ತರಿಸಿ, ಕೆಳಗೆ ದೊಡ್ಡವ್ವನ ಹೆಸರು, ಫೋನ್ ನಂಬರು ಹಾಕಿ ಹರಿಬಿಟ್ಟಿದ್ದರು. ಒಂಬತ್ತಕ್ಕೆ ಶಿರಹಟ್ಟಿಯಿಂದ ಫೋನು ಬಂತು, ಹತ್ತಕ್ಕೆ ಮುಂಡರಗಿಯಿಂದ. ಸೊರಟೂರಿನಿಂದ ಇಬ್ಬರು ಹೆಣ್ಣುಮಕ್ಕಳು ಡಬ್ಬಿ ಹಿಡಿದು ಬಾಗಿಲಿಗೇ ಬಂದರು. ದೊಡ್ಡವ್ವ ಸೆರಗು ಸಿಕ್ಕಿಸಿ ಒಲೆಗೆ ದೊಡ್ಡ ಬಾಣಲೆ ಏರಿಸಿ ಗುರೆಳ್ಳು ಹುರಿಯತೊಡಗಿದಳು. ದಿಲಶಾದಬಿ ಹೊಲಿಗೆ ಮಷೀನು ಬಿಟ್ಟು ಬಂದು ಚಟ್ನಿಯನ್ನು ಕಾಗದದ ಪೊಟ್ಟಣವಾಗಿ ಚೀಟು ಕಟ್ಟಲು ಕುಳಿತಳು.

ವಿಶಾಲನಿಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಹೆದರಿಕೆ. ಇಡೀ ಜಿಲ್ಲೆ ತನ್ನ ಬರಹ ಓದುತ್ತಿದೆ, ನೂರೇನು ಸಾವಿರ ದಾಟಿರಬೇಕು. ಆದರೆ ಯಾವನಾದರೂ ಪೂರ್ತಿ ಓದಿ, ಆ ಅಳುವ ಮಾತನ್ನು ದೊಡ್ಡವ್ವನ ಕಿವಿಗೆ ಹಾಕಿದರೆ ಅವನ ಊಟ ಅವತ್ತಿಗೇ ಬಂದ್. ಹನ್ನೊಂದಕ್ಕೆ ಅವನು ಹಿತ್ತಲಿಗೆ ಹೋಗಿ ಬ್ಲಾಗಿನ ಬರಹವನ್ನೇ ಅಳಿಸಿದ. ದೊಡ್ಡವ್ವನ ಹೆಸರನ್ನೂ ಅಳುವ ಮಾತನ್ನೂ ತೆಗೆದು, ಉಳಿದದ್ದನ್ನು ಹೊಸದಾಗಿ ಹಾಕಿದ. ಜೀವ ಹಗುರಾಯಿತು.

ಒಳಗೆ ಬರುತ್ತಿದ್ದಂತೆ ದೊಡ್ಡವ್ವ ಅವನ ಫೋನು ಇಸಿದುಕೊಂಡಳು. ತನ್ನದು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ, ಚೀಟುಗಳ ಫೋಟೋ ತೆಗೆದು ಕಳಿಸಲು ಇದು ಬೇಕು ಎಂದಳು. ಅವನ ಕೈಗೆ ಒಣಮೆಣಸಿನಕಾಯಿಯ ಬುಟ್ಟಿ ಕೊಟ್ಟಳು. ತೊಟ್ಟು ಮುರಿದ ಕೈಯಲ್ಲೇ ಮೂಗು ಒರೆಸಿಕೊಂಡು ಉರಿಗೆ ಅರ್ಧ ತಾಸು ಕುಣಿದ. ಮಧ್ಯಾಹ್ನಕ್ಕೆ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ಪುಂಡಲೀಕಪ್ಪ ಸ್ವತಃ ಬಂದು, ತನ್ನ ಅಂಗಡಿಗೂ ಬೇಕೆಂದು ಹೇಳಿ, ಕತೆ ಬರೆದವರು ಯಾರು ಎಂದು ಕೇಳಿದ. ನೀರು ಸುರಿಯುವ ಕೆಂಪು ಕಣ್ಣಿನಲ್ಲೇ ವಿಶಾಲ ಕೈ ಎತ್ತಿದ. ಪುಂಡಲೀಕಪ್ಪ ಎದ್ದು ನಿಂತು ನಮಸ್ಕಾರ ಮಾಡಿದ. ಜೀವನದಲ್ಲಿ ವಿಶಾಲನಿಗೆ ಯಾರೂ ಎದ್ದು ನಿಂತು ನಮಸ್ಕಾರ ಮಾಡಿರಲಿಲ್ಲ.

ಮೂರೂವರೆಗೆ ಹೊರಡುವಾಗ ಫೋನು ಕೈಗೆ ಬಂತು, ಆದರೆ ಚಾರ್ಜು ಪೂರ್ತಿ ಇಳಿದಿತ್ತು, ಓದುಗರ ಸಂಖ್ಯೆ ನೋಡಲಾಗಲಿಲ್ಲ. ಇರಲಿ ಎಂದುಕೊಂಡ. ದೊಡ್ಡವ್ವ ಸರ್‌ಗೆಂದು ಒಂದು ಚಟ್ನಿಯ ಚೀಟು ಕೊಟ್ಟಿದ್ದಳು. ಬಸ್ಸಿನಲ್ಲಿ ಮುಂದಿನ ಸೀಟಿನ ತಾಯಿಯೊಬ್ಬಳು ಮಗುವಿಗೆ ಅವನದೇ ರಾಜಕುಮಾರಿಯ ಕತೆ ಹೇಳಿ ಬಿಸ್ಕೀಟು ತಿನ್ನಿಸುತ್ತಿದ್ದಳು. ಕಾಲೇಜಿನ ಕ್ಯಾಂಟೀನಿನವನು ಕತೆ ಅವನದೆಂದು ಕೇಳಿ ಚಹಾ ಪುಕ್ಕಟೆ ಕೊಟ್ಟ. ವಿಶಾಲ ಹೊನ್ನೇಶ ಸರ್ ಕೋಣೆಗೆ ಹೋದದ್ದು ಚುನಾವಣೆ ಗೆದ್ದವರು ಹೋಗುವ ಹಾಗೆ. ಕೊರಳಲ್ಲಿ ಹಾರ ಒಂದು ಇರಲಿಲ್ಲ.

ಸರ್ ಕಂಪ್ಯೂಟರಿನಲ್ಲಿ ಬ್ಲಾಗ್ ತೆರೆದು ಕೆಳಗಿನ ಸಂಖ್ಯೆ ತೋರಿಸಿದರು. ಎರಡು.

"ಒಬ್ಬ ನೀನು, ಈಗ ನಾನು," ಎಂದರು.

ಹೊಸದಾಗಿ ಹಾಕಿದರೆ ಎಣಿಕೆಯೂ ಹೊಸದಾಗಿ ಶುರುವಾಗುತ್ತದೆ ಎಂಬುದು ವಿಶಾಲನಿಗೆ ಆಗ ಹೊಳೆಯಿತು. ಕತೆಯನ್ನು ಎಲ್ಲರೂ ಗ್ರೂಪಿನಲ್ಲೇ ಓದಿದ್ದರು, ಬ್ಲಾಗಿನ ಕಡೆ ಒಬ್ಬನೂ ಹಾಯ್ದಿರಲಿಲ್ಲ.

"ಅದು ಹೋಗ್ಲಿ," ಎಂದರು ಸರ್. "ನೀ ಇದನ್ನ ಹಾಕಿದ್ದು ಇವತ್ತ ಹನ್ನೊಂದಕ್ಕ. ಇದ ಕತಿ ನನ್ನ ಹೆಂಡತಿ ಫೋನಿಗೆ ಆರು ಗಂಟೇಕ್ಕ ಬಂದೈತಿ, ಹನಮಂತವ್ವ ಅನ್ನೋ ಹೆಸರಿನ್ಯಾಗ. ನಕಲು ಮಾಡಾಕ ಬ್ಯಾರೆ ಏನೂ ಸಿಗಲಿಲ್ಲೇನು?"

ವಿಶಾಲ ಆಣೆ ಮಾಡಿ ಹೇಳಿದ, ಅವಳು ತನ್ನ ದೊಡ್ಡವ್ವ, ಬರೆದವನು ತಾನೇ, ಬೇಕಾದರೆ ಅವಳನ್ನೇ ಕೇಳಿ ಎಂದ. ಸರ್ ಗ್ರೂಪಿನ ಕತೆಯ ಕೆಳಗಿದ್ದ ನಂಬರಿಗೆ ಫೋನು ಹಚ್ಚಿ ಇಬ್ಬರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟು, ವಿಶಾಲ ಎದುರಿಗೇ ಇದ್ದಾನೆಂದು ಹೇಳಿ, ಕತೆ ಯಾರದು ಎಂದು ವಿಚಾರಿಸಿದರು.

"ನಂದರೀ ಸರ," ಎಂದಳು ದೊಡ್ಡವ್ವ, ಒಂದಿಷ್ಟೂ ತಡವರಿಸದೆ. "ಈ ಹುಡುಗ ಸಣ್ಣಾಂವಿದ್ದಾಗ ಊಟಾನ ಮಾಡತಿದ್ದಿಲ್ಲ. ರಾಜಕುಮಾರಿ ಚಟ್ನಿ ತಿಂದು ನಕ್ಕಳಂತ ದಿನಾ ಹೇಳಿ ತುತ್ತು ಹಾಕತಿದ್ದೆ."

ವಿಶಾಲನಿಗೆ ಆ ತುತ್ತುಗಳು ನೆನಪಾದವು. ಖರೆ. ಆ ಕತೆ ತನಗೆ ಎಲ್ಲಿಂದ ಹೊಳೆಯಿತು ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಕಷ್ಟಪಟ್ಟು, ಗ್ರೂಪಿಗೆ ಕತ್ತರಿಸಿ ಹಾಕಿದವರು ಯಾರು ದೊಡ್ಡವ್ವ ಎಂದು ಕೇಳಿದ.

"ನಾನ. ನಸೀಕಿನ್ಯಾಗ ಎದ್ದು ಪೂರ್ತಿ ಓದಿದೆನಪಾ. ಅಳತಾರ ಅಂತ ಬರದಿದ್ದೀ. ಹಂಗ ಬರದ್ರ ಯಾರು ಕೊಳ್ಳತಾರ? ಅದನ್ನ ತಗದು ಕಳಿಸಿದೆ. ಇಷ್ಟು ನಿಮ್ಮ ಕಾಲೇಜಿನಾಗ ಕಲಸಂಗಿಲ್ಲೇನು? ಬರೂಮುಂದ ಎರಡ ಕಿಲೋ ಗುರೆಳ್ಳು ತಗೊಂಡು ಬಾ. ಊಟಾ ಇಟ್ಟಿರತೀನಿ."

ಸರ್ ಬಹಳ ಹೊತ್ತು ಫೋನನ್ನೇ ಗೌರವದಿಂದ ನೋಡಿದರು. ಬರುವ ವಾರ ಜಾಹೀರಾತಿನ ಪಾಠಕ್ಕೆ ಹನಮಂತವ್ವನವರನ್ನೇ ಕರೆಸುವುದಾಗಿಯೂ, ಕರೆತರುವ ಜವಾಬ್ದಾರಿ ವಿಶಾಲನದೆಂದೂ ಹೇಳಿದರು. ಅವನ ಹೆಸರಿನ ಮುಂದೆ 'ನಕಲು' ಎಂದು ಬರೆದು ಸೊನ್ನೆ ಹಾಕಿದರು.

ಆಮೇಲೆ ವಿಶಾಲ ತಂದಿದ್ದ ಚೀಟು ಬಿಚ್ಚಿ, ಬೆರಳಲ್ಲಿ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ಕನ್ನಡಕ ತೆಗೆದರು, ಕಣ್ಣೊರೆಸಿಕೊಂಡರು, ಕೈಸನ್ನೆ ಮಾಡಿ ನೀರು ಕೇಳಿದರು. ನೀರಿನ ತಂಬಿಗೆ ಕೊಡುತ್ತ ವಿಶಾಲ ಅವರ ಕೆನ್ನೆಯ ಮೇಲೆ ಇಳಿಯುತ್ತಿದ್ದ ಕಣ್ಣೀರನ್ನೇ ನೋಡಿದ. ಇಡೀ ಲೇಖನದಲ್ಲಿ ಅವನ ಸ್ವಂತದ್ದೂ ಹೌದು, ಖರೆಯೂ ಹೌದು ಅನ್ನುವಂಥ ಮಾತು ಅದೊಂದೇ ಇತ್ತು. ಅದನ್ನು ಹನ್ನೊಂದು ಗಂಟೆಗೆ, ಹಿತ್ತಲಲ್ಲಿ ನಿಂತು, ಅವನೇ ಅಳಿಸಿದ್ದ.