ಗಾಜು ಕಪ್ಪಾದರೆ ಪಾಸು

ನನ್ನ ಕೆಲಸದಲ್ಲಿ ಏನೂ ಕಾಣದಿದ್ದರೆ ಗೆದ್ದಂತೆ, ಬಣ್ಣಬಣ್ಣವಾಗಿ ಕಂಡರೆ ಸೋತಂತೆ. ಇಂಥ ಕೆಲಸ ಹಿಡಿದವಳ ಹತ್ತಿರ ಫಜೀತಿಗಳು ಕರೆಯದೇ ಬರುತ್ತವೆ.

ಪುಣೆಯ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಟೀವಿ ಪರದೆಯೊಳಗೆ ದ್ರವಸ್ಫಟಿಕ ಅಂತ ಇರುತ್ತದಲ್ಲ, ಅದರ ಕಣಗಳು ಪುಟ್ಟ ಕಡ್ಡಿಗಳ ಹಾಗೆ. ಅವನ್ನೆಲ್ಲ ಒಂದೇ ದಿಕ್ಕಿಗೆ ಮಲಗಿಸುವುದು ನನ್ನ ಪಾಡು. ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಗೆರೆಗಳನ್ನು ಗಾಜಿನ ಮೇಲೆ ಅಚ್ಚೊತ್ತಿ ಹನಿ ಬಿಟ್ಟರೆ, ಕಡ್ಡಿಗಳು ಗೆರೆ ಹಿಡಿದು ಮಲಗಬೇಕು. ಎಲ್ಲವೂ ಸರಿಯಾಗಿ ಮಲಗಿದರೆ ಸೂಕ್ಷ್ಮದರ್ಶಕದಲ್ಲಿ ಗಾಜು ಕಪ್ಪಗೆ ಕಾಣುತ್ತದೆ, ತುಸು ತಿರುಗಿಸಿದರೆ ಬೆಳಗುತ್ತದೆ. ಅಡ್ಡಾದಿಡ್ಡಿ ಮಲಗಿದರೆ ಬರೀ ಬಣ್ಣದ ಚಿತ್ತಾರ. ಪರೀಕ್ಷಕರ ಕಣ್ಣೆದುರು ಗಾಜು ಮೊದಲು ಕಪ್ಪಾಗಿ, ತಿರುಗಿಸಿದಾಗ ಬೆಳಗಿದರೆ ಪ್ರಬಂಧ ಒಪ್ಪಿಸಬಹುದು. ಇಲ್ಲದಿದ್ದರೆ ಇನ್ನೊಂದು ವರ್ಷ ಇಲ್ಲೇ.

೧. ಅತ್ತೆಯ ಆಶೀರ್ವಾದ

ಪುಣೆ ಹತ್ತಿರದ ಜೇಜುರಿ ಮಲ್ಲಯ್ಯನ ದರ್ಶನಕ್ಕೆ ಬಂದಿದ್ದ ವಿಜಯಪುರದ ಸೋದರತ್ತೆ ನನ್ನ ಕೆಲಸ ನೋಡಲು ಬಂದಳು. ಕೆಟ್ಟುಹೋದ ಗಾಜೊಂದು ಸೂಕ್ಷ್ಮದರ್ಶಕದಲ್ಲೇ ಇತ್ತು. ಬಗ್ಗಿ ನೋಡಿದವಳೇ, "ಅಯ್ಯ, ಎಷ್ಟ್ ಚಂದ ಅದವಾ! ಇಂಥಾ ಸೀರಿ ಸಿಕ್ಕರ ಎರಡು ತೊಗೋತೀನಿ" ಅಂದಳು. ಆಮೇಲೆ ಹೆಮ್ಮೆಯಿಂದ ಒಳ್ಳೆಯದನ್ನು ಇಟ್ಟೆ.

"ಇದರಾಗ ಏನೂ ಕಾಣವಲ್ದಲ್ಲ?"

"ಇದೇ ಪಾಸಾಗಿದ್ದು, ಅತ್ತಿ."

ಅವಳಿಗೆ ಪಾಪ ಅನಿಸಿರಬೇಕು. "ಇರ್ಲಿ ಬಿಡವಾ, ಮುಂದ ಕಲೀತಿ" ಎನ್ನುತ್ತ ಸೆರಗಿನ ಗಂಟು ಬಿಚ್ಚಿ, ಜೇಜುರಿಯ ಭಂಡಾರದ ಅರಿಶಿನವನ್ನು ಮೇಜಿನ ಮೇಲೆಲ್ಲ ತೂರಿಬಿಟ್ಟಳು. ಅರಿಶಿನ ಗಾಜಿನ ಮೇಲೂ ಬಿತ್ತು, ಗೆರೆ ಒತ್ತಲು ನನ್ನಲ್ಲಿದ್ದ ಒಂದೇ ಒಂದು ಅಚ್ಚಿನ ಮೇಲೂ ಬಿತ್ತು. ಅಚ್ಚನ್ನು ಎತ್ತಿಕೊಂಡು ನಲ್ಲಿಗೆ ಓಡಿದೆ. ತೊಳೆದು ನೋಡಿದರೆ ಅಚ್ಚಿಗೆ ಏನೂ ಆಗಿರಲಿಲ್ಲ, ಸದ್ಯ. ಗಾಜು ಮಾತ್ರ ಕೆಟ್ಟಿತ್ತು. ಅರಿಶಿನದ ಕಣಕಣದ ಸುತ್ತ ಕಡ್ಡಿಗಳು ದಿಕ್ಕು ತಪ್ಪಿ ಬಣ್ಣದ ಹೂವರಳಿಸಿದ್ದವು. ಅತ್ತೆ ಮತ್ತೆ ಬಗ್ಗಿ ನೋಡಿ ಕೈ ಮುಗಿದಳು.

"ನೋಡಿದೇನವಾ, ಮಲ್ಲಯ್ಯ ಕೂಡಲೇ ಸರಿ ಮಾಡಿಕೊಟ್ಟ!"

೨. ಸರ್ ಅವರ ಕೆಟಲ್

ನನ್ನ ಮಾರ್ಗದರ್ಶಕರು ಮರಾಠಿಯವರು, ಚಹಾಪ್ರಿಯರು. ಗಾಜು ಅಂಚಿನಿಂದ ಅಂಚಿಗೆ ಒಂದು ಚುಕ್ಕಿಯೂ ಇಲ್ಲದೆ ಮೊದಲ ಸಲ ಕಪ್ಪಾದ ದಿನ ಓಡಿಹೋಗಿ ಕರೆತಂದೆ. ನೋಡಿದವರೇ "ಬಲ್ಬ್ ಗೇಲಾ", ಬಲ್ಬ್ ಹೋಯಿತು ಎಂದು, ನಾನು ಬಾಯಿ ತೆರೆಯುವಷ್ಟರಲ್ಲಿ ಉರಿಯುತ್ತಿದ್ದ ಬಲ್ಬನ್ನು ತೆಗೆದು ಹೊಸದು ಹಾಕಿದರು. ಆಗಲೂ ಕಪ್ಪೇ. ಹೊಸ ಬಲ್ಬಿನ ಕಂಪನಿಯವರನ್ನು ಬೈಯತೊಡಗಿದರು. ನಾನು ಮೆಲ್ಲಗೆ ಗಾಜು ತಿರುಗಿಸಿದೆ, ಬೆಳಕು ಬಂತು.

ಸರ್‌ಗೆ ಎಷ್ಟು ಖುಷಿಯೆಂದರೆ ಅಲ್ಲೇ ಚಹಾ ಆಗಲೇಬೇಕೆಂದರು. ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಆಗಾಗ ಕರೆಂಟು ತೆಗೆಯುತ್ತಾರೆ; ಅದಕ್ಕೆಂದೇ ಸೂಕ್ಷ್ಮದರ್ಶಕಕ್ಕೆ ದೊಡ್ಡ ಬ್ಯಾಟರಿ ಕೊಂಡಿದ್ದೆವು. ಅವತ್ತು ಗುರುವಾರ, ಕರೆಂಟೂ ಹೋಯಿತು. ಸರ್ ಬ್ಯಾಟರಿಯಿಂದ ಸೂಕ್ಷ್ಮದರ್ಶಕದ ದೀಪದ ಪ್ಲಗ್ ಕಿತ್ತು ಗೋಡೆಗೆ ಹಾಕಿ, ಬ್ಯಾಟರಿಗೆ ಕೆಟಲ್ ಸಿಕ್ಕಿಸಿದರು. ಆವತ್ತಿನಿಂದ ಆ ಜಾಗ ಕೆಟಲ್‌ನದೇ ಆಯಿತು.

"ವಿಜ್ಞಾನ ತಡೆದುಕೊಳ್ಳುತ್ತದೆ, ಚಹಾ ತಡೆಯುವುದಿಲ್ಲ" ಎಂದರು ಸರ್.

೩. ಪರೀಕ್ಷೆ

ಪರೀಕ್ಷಕರು ಧಾರವಾಡದ ಹಿರಿಯರು. ಅವರಿಗೆ ಬಿಡುವಿದ್ದದ್ದು ಗುರುವಾರವೇ. ಬೆಳಿಗ್ಗೆ ಎಲ್ಲ ಸರಿಯಿದೆಯೆಂದು ನೋಡಿ, ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಪರದೆ ಅರ್ಧ ಎಳೆದು ಕಾದೆ. ಅವರು ಏದುಸಿರು ಬಿಡುತ್ತ ಬಂದರು.

"ಲಿಫ್ಟ್ ಬಂದ್ ಆಗ್ಯದ್ರಿ. ಹತ್ತಿ ಹತ್ತಿ ಸಾಕಾತು."

ಹೆದರಿಕೆಯಲ್ಲಿ ಆ ಮಾತು ನನ್ನ ತಲೆಗೇ ಹೋಗಲಿಲ್ಲ. ಅವರು ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು.

"ಭಾಳ ಚಲೋ ಕತ್ತಲಿ ಅದ! ಒಂದು ಚುಕ್ಕಿ ಸುದ್ದಾ ಇಲ್ಲ. ಈಗ ತಿರುಗಿಸ್ರಿ."

ತಿರುಗಿಸಿದೆ. ಕತ್ತಲೆ. ಇನ್ನಷ್ಟು ತಿರುಗಿಸಿದೆ. ಕತ್ತಲೆಯೇ. ಇನ್ನೊಂದು ವರ್ಷ ಹೋಯಿತು ಎಂದುಕೊಂಡೆ. ಅಳು ಬರುವುದೊಂದೇ ಬಾಕಿ. ಮಾತು ಬದಲಿಸಲು ಸರ್ ಹಬೆಯಾಡುವ ಚಹಾ ತಂದಿಟ್ಟರು.

ಪರೀಕ್ಷಕರು ಒಂದು ಗುಟುಕು ಕುಡಿದು ಕೇಳಿದರು, "ಇಡೀ ಬಿಲ್ಡಿಂಗಿನಾಗ ಕರೆಂಟಿಲ್ಲ. ಚಹಾ ಹೆಂಗ ಕುದೀತ್ರಿ?"

ನಾನೂ ಸರ್ರೂ ಒಟ್ಟಿಗೇ ಕೆಟಲ್ ಕಡೆ ನೋಡಿದೆವು. ಓಡಿಹೋಗಿ ಅದರ ಪ್ಲಗ್ ಕಿತ್ತು ದೀಪದ್ದು ಸಿಕ್ಕಿಸಿದೆ. ಗಾಜು ಬೆಳಗಿತು! ತಿರುಗಿಸಿದೆ, ಕಪ್ಪಾಯಿತು. ಮತ್ತೆ ತಿರುಗಿಸಿದೆ, ಮತ್ತೆ ಬೆಳಗಿತು. ಕಳೆದುಕೊಂಡ ವರ್ಷ ವಾಪಸು ಸಿಕ್ಕಂತಾಯಿತು.

"ಪಾಸಾದ್ರಿ, ಪ್ರಬಂಧ ಒಪ್ಪಿಸ್ರಿ" ಎಂದರು ಪರೀಕ್ಷಕರು. ಚಹಾ ಮುಗಿಸಿ ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಆದ್ರೂ ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಈ ಕತ್ತಲಿಗಿಂತ ಮೊದಲಿನ ಕತ್ತಲೀನೇ ಚಲೋ ಇತ್ತು."