ಬಲಗಣ್ಣು ಬಾಕಿ

ಸುಮ್ಮನೆ ಕೂರುವುದು ಸುಲಭ ಎನ್ನುವವರು ಚಿತ್ರಕಾರನನ್ನು ಮದುವೆಯಾದವರಲ್ಲ. ನಾನು ಇಪ್ಪತ್ತೆರಡು ವರ್ಷ, ಪ್ರತಿ ಭಾನುವಾರ ಹತ್ತರಿಂದ ಹನ್ನೊಂದರವರೆಗೆ, ಲಂಡನ್ ಅಂಚಿನ ಹೇಸ್‌ನ ನಮ್ಮ ಅಡುಗೆಮನೆಯ ಕಿಟಕಿಯ ಬಳಿ ಸುಮ್ಮನೆ ಕೂತಿದ್ದೇನೆ. ಫಲ ಏನೆಂದರೆ ಕ್ಯಾನ್ವಾಸಿನ ಮೇಲೆ ಒಂದು ಕಿವಿ, ಒಂದು ಕಣ್ಣು, ಮೂಗು ಮತ್ತು ಅರ್ಧ ಬಾಯಿ.

ತಪ್ಪು ನಮ್ಮವರದಲ್ಲ, ಅವರ ಟೀಚರದು. ವಾರವಿಡೀ ಗೋದಾಮಿನಲ್ಲಿ ದುಡಿಯುತ್ತಿದ್ದ ಈ ಉಡುಪಿಯ ಮನುಷ್ಯ ಸಂಜೆ ತರಗತಿಯಲ್ಲಿ ಒಬ್ಬ ರಷ್ಯನ್ ಅಜ್ಜಿಯ ಕೈಗೆ ಸಿಕ್ಕಿಬಿದ್ದರು. ಹಳೆಯ ಚಿತ್ರಕಲೆಯನ್ನೆಲ್ಲ ತಲೆಕೆಳಗು ಮಾಡಲು ಹೊರಟಿದ್ದ ಲೆನಿನ್‌ಗ್ರಾಡಿನ ಕಲಾವಿದರ ಬಳಿ ಆಕೆ ಹುಡುಗಿಯಾಗಿದ್ದಾಗ ಕಲಿತವರಂತೆ. ಅತಿ ಸಣ್ಣ ಕುಂಚ ಹಿಡಿಯಬೇಕು, ಕಡಲೆಯಷ್ಟು ಜಾಗ ಪೂರ್ತಿ ಮುಗಿಯದೆ ಮುಂದೆ ಹೋಗಬಾರದು, ಹೋದ ಮೇಲೆ ಹಿಂದೆ ಬಂದು ತಿದ್ದಬಾರದು. ಇದು ಆ ಶಾಲೆಯ ಕಟ್ಟಳೆ. ನನ್ನ ಎಡಗಿವಿಗೇ ಎರಡು ವರ್ಷ ಹಿಡಿಯಿತು. ಅದನ್ನು ನೋಡಲು ಅಜ್ಜಿ ಬಂದರು. ಮೂರು ಉದ್ದಿನ ವಡೆ ತಿಂದು, ಕಿವಿಯನ್ನು ಬಹಳ ಹೊತ್ತು ನೋಡಿ, ಒಂದೇ ಮಾತು ಹೇಳಿದರು: "ಅವಸರ."

ಆಮೇಲೆ ನಮ್ಮವರು ಇನ್ನೂ ನಿಧಾನವಾದರು.

"ರೀ, ಬೆನ್ನು ನೋಯ್ತಾ ಉಂಟು."

"ಅಲ್ಲಾಡಬೇಡ ಮಾರಾಯ್ತಿ, ಹುಬ್ಬು ಬರ್ತಾ ಉಂಟು."

ಹೀಗಾಗಿ ಚಿತ್ರದಲ್ಲಿ ನನ್ನ ಎಡಗಿವಿಯ ಮೇಲಿನ ಕೂದಲು ಕಪ್ಪು, ಬೈತಲೆಯ ಹತ್ತಿರ ಬೂದು. ಎಡಗಣ್ಣಿಗೆ ಕನ್ನಡಕವಿಲ್ಲ, ಮೂಗಿನ ಮೇಲೆ ಇದೆ.

ಕಳೆದ ವರ್ಷ ಮಾರ್ಚಿನಲ್ಲಿ ನಮ್ಮವರು ಹೋದರು. ಬಲಗಣ್ಣಿನ ಜಾಗ ಬಿಳಿಯಾಗಿಯೇ ಉಳಿಯಿತು.

"ಅಮ್ಮಾ, ವರ್ಷಾಂತಿಕಕ್ಕೆ ಜನ ಬರ್ತಾರೆ. ಒಂದೇ ಕಣ್ಣಿನ ಅಮ್ಮನ್ನ ಹೇಗೆ ಗೋಡೆಗೆ ಹಾಕೋದು? ನನ್ನ ಫ್ರೆಂಡ್ ಆರ್ಟಿಸ್ಟ್, ಎರಡು ಗಂಟೆಯಲ್ಲಿ ಫಿನಿಶ್ ಮಾಡ್ತಾನೆ," ಎಂದಳು ಮಗಳು. ಸುಳ್ಳೇಕೆ, ಪೂರ್ತಿ ಮುಖ ನೋಡುವ ಆಸೆ ನನಗೂ ಇತ್ತು. ಒಪ್ಪಿದೆ.

ಆ ಹುಡುಗ ಬಂದ. ಕಿವಿಯಿಂದ ಮೂಗಿನವರೆಗೆ ನೋಡಿ, ಮರ್ಯಾದೆಯಿಂದಲೇ ಇಂಗ್ಲಿಷಿನಲ್ಲಿ ಕೇಳಿದ: "ಆಂಟಿ, ಬಲಗಣ್ಣು ಎಷ್ಟನೇ ವಯಸ್ಸಿನದು ಬರೀಲಿ?"

ಲೆಕ್ಕದ ಪ್ರಕಾರ ಈ ವರ್ಷದ್ದು. ಆದರೆ ಅವರು ಹೋದ ಮೇಲಿನ ನನ್ನ ಕಣ್ಣನ್ನು ಅವರು ನೋಡಿಯೇ ಇಲ್ಲವಲ್ಲ!

"ಬೇಡಪ್ಪ," ಎಂದೆ. ವಡೆ ತಿನ್ನಿಸಿ ಕಳಿಸಿದೆ. ಚಿತ್ರ ಹಾಗೆಯೇ ಗೋಡೆ ಏರಿತು.

ಈಗಲೂ ಭಾನುವಾರ ಹತ್ತಕ್ಕೆ ಆ ಕುರ್ಚಿಯಲ್ಲಿ ಕೂರುತ್ತೇನೆ. ಬೆನ್ನು ನೋಯುತ್ತದೆ, ಬೈಯುವವರಿಲ್ಲ, ಎದ್ದು ಹೋಗಬಹುದು. ಹೋಗುವುದಿಲ್ಲ. ಅಜ್ಜಿ ಹೇಳಿದ್ದು ಸರಿ, ಅವಸರ ನಮ್ಮವರದೇ. ನಾನಂತೂ ಇನ್ನೂ ಅಲ್ಲಾಡಿಲ್ಲ.