ಟವೆಲ್ಲಿನ ಕೆಳಗೆ ನಡೆದ ಸಂದರ್ಶನ

ಇಬ್ಬರು ಕೂತಿರುವ ಕಡೆ ಮಾತು ನಿಂತುಹೋದರೆ ಅದು ನನ್ನದೇ ತಪ್ಪು ಎಂದು ನಂಬಿಕೊಂಡು ಬೆಳೆದವನು ನಾನು. ಬಸ್ಸಿನಲ್ಲಿ ಪಕ್ಕದವರು ಸುಮ್ಮನೆ ಕೂತರೆ, ಅವರಿಗೆ ನನ್ನಿಂದ ಏನೋ ಬೇಸರವಾಗಿರಬೇಕೆಂದು ಗಾಬರಿಯಾಗಿ ಯಾವ ಊರು, ಎಷ್ಟು ಮಕ್ಕಳು ಎಂದು ವಿಚಾರಿಸಲು ತೊಡಗುತ್ತೇನೆ. ಅವರು ನಿಜವಾಗಿ ಬೇಸರಗೊಳ್ಳುವುದು ಆಮೇಲೆ. ಇಂಥವನು ಪಾಡ್‌ಕಾಸ್ಟ್ ಶುರು ಮಾಡಬಾರದಿತ್ತು. ಪಾಡ್‌ಕಾಸ್ಟ್ ಎಂದರೆ ಬೇರೆಯವರನ್ನು ಮಾತಾಡಿಸುವ ಕೆಲಸ. ನಾನು ಅದನ್ನು ಬೇರೆಯವರ ಎದುರು ಮಾತಾಡುವ ಕೆಲಸ ಎಂದು ತಿಳಿದಿದ್ದೆ.

ಆಂಧ್ರದ ಗಡಿಯೊಳಗಿನ ಆದೋನಿಯ ಒಂದು ಜೂನಿಯರ್ ಕಾಲೇಜಿನಲ್ಲಿ ನಾನು ಕಾಮರ್ಸ್ ಪಾಠ ಹೇಳುವವನು. ವ್ಯಾಪಾರದ ಬಗ್ಗೆ ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಆದರೂ ಮನೆಗೆ ಬದನೆಕಾಯಿ ತರಲೂ ನನ್ನ ಹೆಂಡತಿ ಗಿರಿಜಾ ನನ್ನನ್ನು ಕಳಿಸುವುದಿಲ್ಲ. ಈ ಅವಮಾನಕ್ಕೆ ಪರಿಹಾರವಾಗಿ, ನಮ್ಮ ಸೀಮೆಯ ಉದ್ಯಮಿಗಳನ್ನೂ ತಂತ್ರಜ್ಞಾನದವರನ್ನೂ ಕರೆದು ಅವರ ಅನುಭವ ಕೇಳುವ 'ಹತ್ತಿಯೂರಿನ ಹಿರಿತಲೆಗಳು' ಎಂಬ ಪಾಡ್‌ಕಾಸ್ಟ್ ಹುಟ್ಟಿತು. ಕಾರ್ಯಕ್ರಮ ಕನ್ನಡದಲ್ಲಿ. ಕನ್ನಡದಲ್ಲಿ ಎಂದರೆ, ಶುರುವಾಗುವುದು ಕನ್ನಡದಲ್ಲಿ. ಅತಿಥಿಗಳು ಯಂತ್ರದ ವಿಷಯಕ್ಕೆ ಬಂದಾಗ ಇಂಗ್ಲಿಷಿಗೆ ಹೋಗುತ್ತಾರೆ, ಲಾಭದ ವಿಷಯಕ್ಕೆ ತೆಲುಗಿಗೆ ಇಳಿಯುತ್ತಾರೆ, ಬೈಯಬೇಕಾದಾಗ ಉರ್ದುವಿನಲ್ಲಿ ವಿಶ್ರಾಂತಿ ಪಡೆಯುತ್ತಾರೆ. ಕೇಳುವವರಿಗೂ ಇದೇ ಅಭ್ಯಾಸವಿರುವುದರಿಂದ ಯಾರೂ ದೂರಿಲ್ಲ.

ದೂರು ಇದ್ದದ್ದು ಗಾದಿಗಳ ಬಗ್ಗೆ. ಧ್ವನಿ ಗೋಡೆಗೆ ಬಡಿದು ಗುಂಯ್‌ಗುಡಬಾರದೆಂದು ಪೇಟೆಯವರು ಸ್ಪಂಜಿನ ಹಲಗೆ ಅಂಟಿಸುತ್ತಾರಂತೆ. ಹತ್ತಿಗೆ ಹೆಸರಾದ ಊರಿನಲ್ಲಿದ್ದುಕೊಂಡು ಸ್ಪಂಜು ಕೊಳ್ಳುವುದು ನಾಚಿಕೆಗೇಡೆಂದು ನಾನು ಮನೆಯ ನಾಲ್ಕೂ ಹತ್ತಿ ಗಾದಿಗಳನ್ನು ಎತ್ತಿ ಒಳಕೋಣೆಯ ಗೋಡೆಗಳಿಗೆ ಆನಿಸಿ ನಿಲ್ಲಿಸಿದೆ. ಕಿಟಕಿ ಮುಚ್ಚಿದೆ. ಅಂದಿನಿಂದ ಗಾದಿಗಳು ನಿಂತಿವೆ, ನಾವು ಚಾಪೆಯ ಮೇಲೆ ಮಲಗಿದ್ದೇವೆ. "ಬಿಸಿಲಿಗೆ ಹಾಕಲಾರದ ಗಾದಿ ತೇವ ಹಿಡೀತಾವ್ರಿ" ಎಂದು ಗಿರಿಜಾ ವಾರಕ್ಕೊಮ್ಮೆ ಹೇಳುವಳು. ಕಂತುಗಳಿಗಿಂತ ಈ ಮಾತೇ ಹೆಚ್ಚು ಕ್ರಮವಾಗಿ ಪ್ರಸಾರವಾಗುತ್ತಿತ್ತು.

ಸಂದರ್ಶನ ಮಾಡುವುದರಲ್ಲಿ ನಾನು ಪಳಗಿದವನೇನಲ್ಲ. ಗೋನೆಗಂಡ್ಲದ ಒಬ್ಬ ಪೈಪು ವ್ಯಾಪಾರಿಗೆ, ಯಾರದೋ ಕಾರ್ಯಕ್ರಮದಲ್ಲಿ ಕೇಳಿದ್ದ ಪ್ರಶ್ನೆಯನ್ನು ಹಾಕಿದ್ದೆ: ನಿಮ್ಮ ಸೋಲುಗಳಿಂದ ನೀವೇನು ಕಲಿತಿರಿ? ಅವರ ಮುಖ ಕೆಂಪಾಯಿತು. ನಾನು ಸೋತೀನಿ ಅಂತ ನಿಮಗೆ ಹೇಳಿದವರಾರು ಎಂದು ಕೇಳಿದರು. ಎದುರು ಅಂಗಡಿಯವನೇ ಹೇಳಿರಬೇಕೆಂದು ತಾವೇ ತೀರ್ಮಾನಿಸಿ, ಮೈಕು ಕಿತ್ತಿಟ್ಟು ಎದ್ದುಹೋದರು. ಅಂದಿನಿಂದ ನನ್ನ ಪ್ರಶ್ನೆಗಳು ಉದ್ದವಾದವು. ತಪ್ಪು ತಿಳಿಯದಿರಲೆಂದು ಮೊದಲು ಪೀಠಿಕೆ, ಆಮೇಲೆ ಸಮಜಾಯಿಷಿ, ನಡುವೆ ಎಲ್ಲೋ ಪ್ರಶ್ನೆ, ಕೊನೆಗೆ ಅದಕ್ಕೆ ಬರಬಹುದಾದ ಉತ್ತರ. ಅತಿಥಿಗಳಿಗೆ ಹೌದೆನ್ನುವ ಕೆಲಸ ಮಾತ್ರ ಉಳಿಯುತ್ತಿತ್ತು. "ನೀವು ಪ್ರಶ್ನೆ ಮುಗಿಸೋದ್ರಾಗ ಅವರ ಕಂಪನಿ ಮುಚ್ಚಿರ್ತೈತಿ" ಎಂದು ಗಿರಿಜಾ ಅಂದದ್ದು ಹೊರಗೆ ಗೊತ್ತಾಗಬಾರದು.

ಹೀಗಿರುವಾಗ ಮಲ್ಲೇಶ್ವರಿ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಪೆದ್ದಕಡುಬೂರಿನ ಕುರಿ ಸಾಕುವವರ ಮನೆಯ ಮಗಳು. ಇಂಜಿನಿಯರಿಂಗ್ ಓದಿ, ಹತ್ತಿಯಲ್ಲಿ ತೇವ ಎಷ್ಟಿದೆ ಎಂದು ಹೇಳುವ ಅಂಗೈಯಗಲದ ಒಂದು ಡಬ್ಬಿ ತಯಾರಿಸಿದ್ದಳು. ಹತ್ತಿಗೆ ಒತ್ತಿ ಹಿಡಿದರೆ ತೇವ ನೂರಕ್ಕೆ ಎಷ್ಟೆಂದು ಫೋನಿನಲ್ಲಿ ಅಂಕಿ ಮೂಡುತ್ತದೆ; ತೇವ ಹೆಚ್ಚಿದ್ದಷ್ಟೂ ಹತ್ತಿಯ ದರ ಕಡಿಮೆ. ಡಬ್ಬಿ ಚೆನ್ನಾಗಿತ್ತು, ಅದನ್ನು ಕೊಳ್ಳುವವರು ಇರಲಿಲ್ಲ. ಊರಿನ ಹತ್ತಿ ವ್ಯಾಪಾರಿಗಳೆಲ್ಲ, ಮೂರು ಅಂಗಡಿ ನಡೆಸುವ ಹಿರಿಯ ಚನ್ನಬಸಪ್ಪನವರ ಮುಖ ನೋಡುತ್ತಿದ್ದರು. ಅವರು ಒಮ್ಮೆ ಹೂಂ ಎಂದರೆ ಎಲ್ಲರೂ ಹೂಂ. ಅವರೋ, ಮೂರು ಸಲ ಹೋದರೂ ಆಕೆಯನ್ನು ಅಂಗಡಿಯ ಒಳಗೆ ಕರೆದಿರಲಿಲ್ಲ. ಈ ಹಂಗಾಮಿನಲ್ಲೂ ಯಾರೂ ಒಪ್ಪದಿದ್ದರೆ ತನ್ನ ಜೊತೆ ಕೆಲಸ ಮಾಡುವ ಇಬ್ಬರು ಹುಡುಗಿಯರನ್ನು ಬಿಡಿಸಿ ಕಂಪನಿ ಮುಚ್ಚಬೇಕಾಗುತ್ತದೆ ಎಂದಳು. "ನಿಮ್ಮ ಪ್ರೋಗ್ರಾಮಿಗೆ ಅವರನ್ನ ಕರೀರಿ ಸಾರ್. ನನ್ನನ್ನೂ ಬಾಜೂಕ ಕುಂದರಸ್ರಿ. ಉಳಿದದ್ದು ನಾ ನೋಡ್ಕೊಂತೀನಿ."

ಚನ್ನಬಸಪ್ಪನವರು ಬಂದರು. ಬಂದದ್ದು ಏಕೆಂದು ನನಗೆ ಇಂದಿಗೂ ಅನುಮಾನ. ಅವರ ಮೊಮ್ಮಗ ನನ್ನ ತರಗತಿಯಲ್ಲಿದ್ದ, ಪರೀಕ್ಷೆ ಹತ್ತಿರವಿತ್ತು. ಬಿಳಿ ಧೋತರ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಇಸ್ತ್ರಿ ಮಾಡಿದ ಟವೆಲ್ಲು. ಅವರು ಹಳೆಯ ಕಾಲದ ವ್ಯಾಪಾರದವರು. ಈಗ ಮಾರ್ಕೆಟ್ ಯಾರ್ಡಿನ ಹರಾಜಿಗೆ ಕಂಪ್ಯೂಟರು ಬಂದಿದೆ; ಅವರು ಮಾತ್ರ ಮುಖ್ಯವಾದ ವ್ಯವಹಾರವನ್ನು ಟವೆಲ್ಲಿನ ಕೆಳಗೇ ಮುಗಿಸುತ್ತಾರೆ. ಮಾರುವವನ ಕೈಮೇಲೆ ಟವೆಲ್ಲು ಹೊದಿಸಿ, ಕೆಳಗೆ ಅವನ ಎಷ್ಟು ಬೆರಳು ಹಿಡಿದರೆ ಅಷ್ಟು ಎಂದು ದರ ಹೇಳುವುದು. ಅದಕ್ಕೆ ಎರಡು ಕಟ್ಟಳೆ. ಟವೆಲ್ಲಿನ ಕೆಳಗೆ ಕೈಗಳಿರುವಾಗ ಮೂರನೆಯವರು ಬಾಯಿ ತೆರೆಯಬಾರದು. ಟವೆಲ್ಲು ತೆಗೆದ ಮೇಲೆ ಎಷ್ಟಕ್ಕೆ ಒಪ್ಪಿದಿರಿ ಎಂದು ಯಾರೂ ಕೇಳಬಾರದು.

ಸದ್ದಾಗಬಾರದೆಂದು ಫ್ಯಾನು ಆರಿಸಿ, ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿದೆಯೇ ಎಂದು ಮೂರು ಸಲ ನೋಡಿ ಶುರು ಮಾಡಿದೆ. ವ್ಯಾಪಾರದ ಇತಿಹಾಸ, ಹತ್ತಿಯ ಮಹಿಮೆ, ಹೊಸ ತಂತ್ರಜ್ಞಾನ ಮತ್ತು ಹಳೆಯ ಅನುಭವ ಕೈಕೈ ಹಿಡಿದು ನಡೆಯಬೇಕಾದ ಅಗತ್ಯ, ಇಷ್ಟನ್ನೂ ಹೇಳಿ ಇದಕ್ಕೆ ತಾವೇನೆನ್ನುತ್ತೀರಿ ಎಂದೆ. "ಹೌದ್ರಿ" ಎಂದರು. ಇನ್ನೊಂದು ಕೇಳಿದೆ. "ಅಷ್ಟರಿ" ಎಂದರು. ಮೂರನೆಯದಕ್ಕೆ ತಲೆಯಾಡಿಸಿದರು. ತಲೆಯಾಡಿಸುವುದು ರೆಕಾರ್ಡಾಗುವುದಿಲ್ಲವೆಂದು ವಿನಯದಿಂದ ತಿಳಿಸಿದೆ. ಅದಕ್ಕೂ ತಲೆಯಾಡಿಸಿದರು. ನನಗೆ ಬೆವರಿಳಿಯತೊಡಗಿತು. ಮಲ್ಲೇಶ್ವರಿಯ ಕಡೆ ನೋಡಿದರೆ ಆಕೆ ಡಬ್ಬಿಯನ್ನು ಮಡಿಲಲ್ಲಿ ಹಿಡಿದು ಪರೀಕ್ಷೆಯ ಕೋಣೆಯಲ್ಲಿ ಕೂತವಳಂತೆ ಕೂತಿದ್ದಳು.

ಅಷ್ಟರಲ್ಲಿ ಮುದುಕರ ಕಣ್ಣು ಗೋಡೆಯ ಮೇಲೆ ಹೋಯಿತು. ಎದ್ದರು. ಗಾದಿಯೊಂದರ ಹೊಲಿಗೆ ಬಿಚ್ಚಿದ್ದ ಮೂಲೆಯಿಂದ ಒಂದು ಹಿಡಿ ಹತ್ತಿ ಎಳೆದರು. ಮುಷ್ಟಿಯಲ್ಲಿ ಹಿಂಡಿ, ಬಿಟ್ಟು, ಕೆನ್ನೆಗೆ ಒತ್ತಿಕೊಂಡರು.

"ಇದು ಬಿಸಿಲು ಕಂಡು ಆರು ತಿಂಗಳಾತು. ಹದಿನಾಲ್ಕರ ಮ್ಯಾಲೆ ಐತಿ ತೇವ. ಇದರ ಮ್ಯಾಲೆ ಮಲಗ್ತೀರೇನ್ರಿ?"

ಮಲಗುವುದಿಲ್ಲ, ನಿಲ್ಲಿಸುತ್ತೇವೆ ಎಂದು ನಾನು ವಿವರಿಸುವ ಮೊದಲೇ ಮಲ್ಲೇಶ್ವರಿ ಎದ್ದು, ಅದೇ ಮೂಲೆಗೆ ಡಬ್ಬಿ ಒತ್ತಿ, ಫೋನನ್ನು ಅವರ ಮುಂದೆ ಹಿಡಿದಳು. ಹದಿನಾಲ್ಕೂವರೆ. ಅವರು ಎರಡನೆಯ ಗಾದಿಗೆ ಹೋದರು. ಹಿಂಡಿದರು, ಕೆನ್ನೆಗೆ ಒತ್ತಿದರು, ಹದಿಮೂರು ಎಂದರು. ಡಬ್ಬಿಯೂ ಹದಿಮೂರು ಎಂದಿತು. ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದ ಗಿರಿಜಾ ನನ್ನನ್ನು ನೋಡಿದಳು. ಆ ನೋಟಕ್ಕೆ ಅಂಕಿ ಮೂಡಿಸುವ ಡಬ್ಬಿ ಇನ್ನೂ ಬಂದಿಲ್ಲ.

"ನನ್ನ ಕೆನ್ನಿ ಮತ್ತ ನಿನ್ನ ಡಬ್ಬಿ ಒಂದಽ ಮಾತು ಹೇಳ್ತಾವು ಅಂದ್ರ, ಡಬ್ಬಿ ಯಾಕ ಬೇಕವ್ವ?" ಎಂದು ಕೇಳಿದರು ಚನ್ನಬಸಪ್ಪನವರು.

"ನಿಮ್ಮ ಕೆನ್ನಿ ಒಂದಽ ಐತಲ್ರಿ ಅಜ್ಜಾರ. ಅಂಗಡಿ ಮೂರು ಅದಾವು."

ನಾನು ಇದೊಂದು ಅರ್ಥಪೂರ್ಣ ಮಾತು, ಇದನ್ನು ಇನ್ನಷ್ಟು ವಿಸ್ತರಿಸಿ ಎನ್ನಲು ಬಾಯಿ ತೆರೆದೆ. ಮುದುಕರು ನನ್ನ ಕಡೆ ತೋರುಬೆರಳೆತ್ತಿದರು. ಬಾಯಿ ಮುಚ್ಚಿದೆ. ಅವರು ಹೆಗಲಿನಿಂದ ಟವೆಲ್ಲು ತೆಗೆದು, ಅಭ್ಯಾಸಬಲದಿಂದ ತೊಡೆಯ ಮೇಲೆ ಹರಡಿ, ಅಲ್ಲೇ ತಡೆದರು. ಹೆಣ್ಣುಮಗಳು, ಅವಳಿಗೇನು ಗೊತ್ತು ಎಂಬ ಸಂಕೋಚವಿರಬೇಕು. ಮಲ್ಲೇಶ್ವರಿ ತಾನೇ ಮುಂದೆ ಸರಿದು ಟವೆಲ್ಲಿನ ಕೆಳಗೆ ಕೈಯಿಟ್ಟಳು.

ಆಮೇಲಿನದ್ದು ಎರಡೂವರೆ ನಿಮಿಷ. ನನ್ನ ಲೆಕ್ಕದಲ್ಲಿ ಒಂದು ಹಂಗಾಮು. ಟವೆಲ್ಲು ಅಲುಗಾಡುತ್ತಿತ್ತು. ಆಕೆ ತಲೆ ಅಡ್ಡ ಆಡಿಸಿದಳು. ಅವರು ಹುಬ್ಬೇರಿಸಿದರು. ಮತ್ತೆ ಟವೆಲ್ಲು ಅಲುಗಿತು. ನನ್ನೊಳಗೆ ಪ್ರಶ್ನೆಗಳು ಉಪಪ್ರಶ್ನೆಗಳ ಸಮೇತ ಗಂಟಲವರೆಗೆ ಬಂದು ನಿಂತವು. ಕೇಳುವವರು ಫೋನು ಕೆಟ್ಟಿತೆಂದು ತಿಳಿದಾರು, ಮಾಧವರಂನಲ್ಲಿ ನನಗೊಬ್ಬರು ಕಾಯಂ ಶ್ರೋತೃ ಇದ್ದಾರೆ, ಅವರಿಗೆ ಬಿಪಿ ಬೇರೆ. ಆದರೆ ಮೂರನೆಯವನು ನಾನು. ಗಾದಿಗೆ ಒರಗಿ, ಅದರ ತೇವವನ್ನು ಬೆನ್ನಿಗೆ ಅನುಭವಿಸುತ್ತ ಕೂತೆ.

ಕೊನೆಗೆ ಚನ್ನಬಸಪ್ಪನವರು ನಕ್ಕರು. "ಇದನ್ನ ಯಾರು ಕಲಿಸ್ಯಾರ ನಿನಗ?"

"ನಮ್ಮಪ್ಪರಿ. ಕುರಿ ಸಂತಿಗೆ ಹೆಗಲ ಮ್ಯಾಲೆ ಕುಂದರಿಸ್ಕೊಂಡು ಹೋಗ್ತಿದ್ದ."

"ಮೂರೂ ಅಂಗಡಿಗೆ ತಂದಿಡು. ನಾಳಿಂದಽ."

ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಮಲ್ಲೇಶ್ವರಿಯ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಎಷ್ಟಕ್ಕೆ ಒಪ್ಪಿದಿರಿ ಎಂದು ನಾನು ಕೇಳಲಿಲ್ಲ. ಇದು ನನ್ನ ಜೀವನದಲ್ಲಿ ನಾನು ಕೇಳದೆ ಬಿಟ್ಟ ಮೊದಲ ಪ್ರಶ್ನೆ.

ಕಂತನ್ನು ಹಾಗೇ ಬಿಡುಗಡೆ ಮಾಡಿದೆ. ಎರಡೂವರೆ ನಿಮಿಷದ ಮೌನವನ್ನು ಕತ್ತರಿಸಲು ಹೊರಟಾಗ ಮಲ್ಲೇಶ್ವರಿಯೇ ಬೇಡವೆಂದಳು. ಅದೇ ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ ಕಂತಾಯಿತು. ಹತ್ತಿ ವ್ಯಾಪಾರಿಗಳು ಅದನ್ನು ಒಬ್ಬರಿಗೊಬ್ಬರು ಕಳಿಸಿ, ಮೌನದ ಉದ್ದದ ಮೇಲೆ ದರ ಎಷ್ಟಿರಬಹುದೆಂದು ವಾದಿಸಿದರಂತೆ. ಇನ್ನೂ ನಾಲ್ಕು ಅಂಗಡಿಯವರು ಡಬ್ಬಿ ಕೇಳಿದರು. ಮಾಧವರಂನ ಆ ಶ್ರೋತೃವೂ ಬರೆದರು: ಈ ಸಲ ನಿಮ್ಮ ನಿರೂಪಣೆ ಬಹಳ ಚೆನ್ನಾಗಿತ್ತು, ಅದರಲ್ಲೂ ನೀವು ಸುಮ್ಮನಿದ್ದ ಭಾಗ.

ಈ ಖುಷಿಯಲ್ಲಿ, ಕಾರ್ಯಕ್ರಮ ಮುಂದುವರಿಸಬಹುದಲ್ಲ ಎಂದು ಗಿರಿಜಾಳನ್ನು ಕೇಳಿದೆ. ಕೇಳಿದೆ ಎಂದರೆ ಪೀಠಿಕೆಯಿಂದ ಶುರು ಮಾಡಿದೆ. ಆಕೆ ತೋರುಬೆರಳೆತ್ತಿದಳು. ಹಗ್ಗದ ಮೇಲಿನ ಟವೆಲ್ಲು ಎಳೆದು ನನ್ನ ಕೈಮೇಲೆ ಹಾಕಿ, ಕೆಳಗೆ ನನ್ನ ಐದೂ ಬೆರಳು ಹಿಡಿದು ಗಟ್ಟಿಯಾಗಿ ಒತ್ತಿದಳು. ಏನೆಂದು ತಿಳಿಯದಿದ್ದರೂ ಸಂತೋಷದಿಂದ ತಲೆಯಾಡಿಸಿದೆ. ವ್ಯವಹಾರ ಕುದುರಿತು. ಮರುದಿನ ಬೆಳಿಗ್ಗೆ, ಬಿಸಿಲಿಗೆ ಹಾಕುವ ಸಾಮಾನಿನ ಬಗ್ಗೆ ಒಪ್ಪಿಕೊಂಡಿದ್ದೇನೆಂದು ಗೊತ್ತಾಯಿತು. ಒಂದೊಂದಾಗಿ ನಾಲ್ಕು ಗಾದಿಗಳನ್ನೂ ಬೆನ್ನಮೇಲೆ ಹೊತ್ತು ಮಾಳಿಗೆಗೆ ಸಾಗಿಸಿದೆ. ಒತ್ತಿದ್ದು ಐದು ಬೆರಳು, ಗಾದಿ ನಾಲ್ಕೇ. ಐದನೆಯದು ಯಾವುದೆಂದು ಕೇಳುವಂತಿಲ್ಲ, ಟವೆಲ್ಲು ತೆಗೆದಾಗಿತ್ತು. ಕೋಣೆಗೆ ಬಂದು ಹುಡುಕಿದೆ. ಒಳಗೆ ತೇವ ಹಿಡಿದು ಉಳಿದವನು ನಾನೊಬ್ಬನೇ.